ಕಿವಿಯ ಕೆಳಗಿನ ಗಂಟು, ಸೂಜಿಯ ತುದಿಯ ಉತ್ತರ

(ತಾಲ್ಲೂಕು ಆಸ್ಪತ್ರೆಗಳ ವೈದ್ಯರು, ನರ್ಸ್‌ಗಳು, ಲ್ಯಾಬ್ ಟೆಕ್ನೀಷಿಯನ್‌ಗಳು ಮತ್ತು ಕೆಲವು ಸಾರ್ವಜನಿಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಕೆಲಸ ಮಾಡಿ. ಕಿವಿಯ ಹಾಲೆಯ ಕೆಳಗೆ, ದವಡೆ ಮೂಳೆಯ ಹಿಂದೆ ಒಂದು ಸಣ್ಣ ತಗ್ಗು ಇದೆಯಲ್ಲ, ಅಲ್ಲಿ ಬೆರಳಿಡಿ. ಮೆತ್ತಗೆ ಒತ್ತಿ. ನಿಮ್ಮ ಬೆರಳ ಕೆಳಗೆ ಈಗ ಇರುವುದು ಪರೋಟಿಡ್ ಗ್ರಂಥಿ. ಜೊಲ್ಲು ಗ್ರಂಥಿಗಳಲ್ಲೇ ದೊಡ್ಡದು. ಮಂಗನಬಾವು ಬಂದಾಗ ಊದಿಕೊಳ್ಳುವುದು ಇದೇ.

ಒಬ್ಬ ಅಮ್ಮ ನಮ್ಮ ಹತ್ತಿರ ಬಂದಿದ್ದರು. ಅದೇ ಜಾಗದಲ್ಲಿ ಎಂಟು ವರ್ಷದಿಂದ ಒಂದು ಗಂಟು. ನೋವಿಲ್ಲ, ಜ್ವರ ಇಲ್ಲ. ಮೊದಲು ಕಡಲೆಕಾಳಿನಷ್ಟಿತ್ತಂತೆ, ಈಗ ನಿಂಬೆಹಣ್ಣಿನಷ್ಟಾಗಿತ್ತು. ಸೆರಗಿನಲ್ಲಿ ಮುಚ್ಚಿಕೊಂಡೇ ಓಡಾಡುತ್ತಿದ್ದರು. ಸೂಜಿ ಪರೀಕ್ಷೆ ಮುಗಿದ ಮೇಲೆ ನನ್ನ ಕೈ ಹಿಡಿದುಕೊಂಡು ಕೇಳಿದರು: "ಡಾಕ್ಟ್ರಮ್ಮ, ಇದು ಕ್ಯಾನ್ಸರ್ರಾ ಅಲ್ವಾ, ಒಂದೇ ಮಾತಲ್ಲಿ ಹೇಳ್ಬಿಡಿ."

ಒಂದೇ ಮಾತಲ್ಲಿ ಹೇಳಬೇಕು ಅಂತ ನಮಗೂ ಆಸೆ ಇರುತ್ತದೆ. ಎಷ್ಟೋ ಸಲ ಹೇಳಲೂಬಹುದು. ಆದರೆ ಎಲ್ಲ ಸಲವೂ ಅಲ್ಲ. ಹೇಳಲು ಆಗದಿದ್ದಾಗ ಏನು ಬರೆಯಬೇಕು, ಓದಿದವರು ಅದರಿಂದ ಏನು ತಿಳಿದುಕೊಳ್ಳಬೇಕು ಅನ್ನೋದೇ ಇವತ್ತಿನ ಮಾತು. ಇನ್ನೊಂದು ವಿಷಯವನ್ನೂ ಇವತ್ತು ಗಟ್ಟಿಯಾಗಿ ಹೇಳಬೇಕು ಅಂತಲೇ ಬಂದಿದ್ದೇನೆ. ಈ ಗಂಟುಗಳನ್ನು ವಿಂಗಡಿಸುವ ಕೆಲಸ ಮೈಕ್ರೋಸ್ಕೋಪಿನಲ್ಲಿ ಶುರುವಾಗುವುದಿಲ್ಲ. ಗಂಟನ್ನು ಮೊದಲು ಮುಟ್ಟಿ ನೋಡಿದ ಬೆರಳಲ್ಲಿ ಶುರುವಾಗುತ್ತದೆ. ಅಂದರೆ ನಿಮ್ಮಲ್ಲಿ.

ಜೊಲ್ಲು ಗ್ರಂಥಿಗಳಲ್ಲಿ ದೊಡ್ಡವು ಮೂರು ಜೊತೆ. ಕಿವಿಯ ಹತ್ತಿರ ಪರೋಟಿಡ್, ದವಡೆಯ ಕೆಳಗೆ ಸಬ್‌ಮ್ಯಾಂಡಿಬ್ಯುಲರ್, ನಾಲಿಗೆಯ ಕೆಳಗೆ ಸಬ್‌ಲಿಂಗುವಲ್. ಇವಲ್ಲದೆ ಅಂಗುಳ, ತುಟಿ, ಕೆನ್ನೆಯ ಒಳಭಾಗ ಎಲ್ಲ ಕಡೆ 600ರಿಂದ 1000 ಪುಟಾಣಿ ಗ್ರಂಥಿಗಳಿವೆ. ಗಡ್ಡೆಗಳು ಜಾಸ್ತಿ ಬರುವುದು ಪರೋಟಿಡ್‌ನಲ್ಲಿ. ಆದರೆ ಅಲ್ಲಿನ ಐದು ಗಡ್ಡೆಗಳಲ್ಲಿ ಸುಮಾರು ನಾಲ್ಕು ಕ್ಯಾನ್ಸರ್ ಅಲ್ಲ. ದವಡೆಯ ಕೆಳಗಿನ ಗ್ರಂಥಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕ್ಯಾನ್ಸರ್. ನಾಲಿಗೆಯ ಕೆಳಗಿನದರಲ್ಲಿ ಬಹುಪಾಲು ಕ್ಯಾನ್ಸರೇ. ಗ್ರಂಥಿ ಚಿಕ್ಕದಾದಷ್ಟೂ ಅಲ್ಲಿನ ಗಡ್ಡೆಯ ಬಗ್ಗೆ ಭಯ ಜಾಸ್ತಿ ಇರಬೇಕು. ಅಂಗುಳದಲ್ಲಿ ಬಟಾಣಿಯಷ್ಟು ಗಂಟು ಇದ್ದರೆ "ಸುಮ್ನೆ ಬಿಡಿ, ಹೋಗುತ್ತೆ" ಅನ್ನಬೇಡಿ.

ಹಾಗಾದರೆ ಒಂದು ಚೂರು ಕತ್ತರಿಸಿ ಬಯಾಪ್ಸಿ ಮಾಡಬಾರದಾ? ಅಂಗುಳದ ಗಂಟಿಗೆ ಮಾಡಬಹುದು, ಮಾಡುತ್ತಾರೆ. ಪರೋಟಿಡ್‌ಗೆ ಬೇಡ. ಯಾಕಂದರೆ ಮುಖದ ನರ ಈ ಗ್ರಂಥಿಯ ಒಳಗೇ ಹಾದುಹೋಗುತ್ತದೆ. ಒಳಗೆ ಹೊಕ್ಕ ಮೇಲೆ ಕವಲೊಡೆದು ಐದು ಕಡೆ ಹೋಗುತ್ತದೆ. ಕಣ್ಣು ಮುಚ್ಚುವುದು, ಹುಬ್ಬು ಏರಿಸುವುದು, ನಗುವುದು, ಬಾಯಿ ಮುಕ್ಕಳಿಸುವಾಗ ನೀರು ಸೋರದ ಹಾಗೆ ತುಟಿ ಬಿಗಿ ಹಿಡಿಯುವುದು ಎಲ್ಲ ಈ ನರದ ಕೆಲಸ. ಅಲ್ಲಿ ಅಂದಾಜಿನ ಮೇಲೆ ಚಾಕು ಇಡೋಕೆ ಆಗಲ್ಲ. ಇನ್ನೊಂದು ಕಾರಣ, ಗಡ್ಡೆಯನ್ನು ಅರ್ಧ ಕೊಯ್ದರೆ ಅದರ ಚೂರುಗಳು ಸುತ್ತ ಚೆಲ್ಲುತ್ತವೆ. ಹತ್ತು ವರ್ಷದ ಮೇಲೆ ಒಂದು ಗಡ್ಡೆಯ ಜಾಗದಲ್ಲಿ ಹತ್ತಾರು ಸಣ್ಣ ಗಡ್ಡೆಗಳಾಗಿ ವಾಪಸ್ ಬರಬಹುದು. ಆಗ ನರ ಉಳಿಸುವುದು ಎಂಥ ಸರ್ಜನ್‌ಗೂ ಕಷ್ಟ.

ಅದಕ್ಕೇ ಸೂಜಿ. ಎಫ್‌ಎನ್‌ಎಸಿ, ಅಂದರೆ ಸಣ್ಣ ಸೂಜಿಯಿಂದ ಗಂಟಿನ ಕೋಶಗಳನ್ನು ಹೀರಿ ತೆಗೆದು ನೋಡುವುದು. 1930ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯಲ್ಲಿ ಹೇಯ್ಸ್ ಮಾರ್ಟಿನ್ ಮತ್ತು ಎಡ್ವರ್ಡ್ ಎಲ್ಲಿಸ್ ಗಡ್ಡೆಗಳಿಗೆ ಸೂಜಿ ಹಾಕಿ ಕೋಶ ತೆಗೆದು ನೋಡಿದ್ದನ್ನು ಪ್ರಕಟಿಸಿದರು. ಅವರದು 18 ಗೇಜ್, ದಪ್ಪ ಸೂಜಿ. ಸಣ್ಣ ಸೂಜಿಯ ವಿಧಾನ ಚೆನ್ನಾಗಿ ಬೇರೂರಿದ್ದು ಆಮೇಲೆ, ಸ್ವೀಡನ್ನಿನ ಕರೋಲಿನ್‌ಸ್ಕಾದಲ್ಲಿ. ಅಲ್ಲಿ 1950 ಮತ್ತು 60ರ ದಶಕಗಳಲ್ಲಿ ಫ್ರಾನ್ಸೆನ್, ಜಾಯಿಸೆಕ್ ಅವರೆಲ್ಲ ಜೊಲ್ಲು ಗ್ರಂಥಿಯ ಗಡ್ಡೆಗಳ ಮೇಲೂ ತುಂಬ ಕೆಲಸ ಮಾಡಿದರು.

ಈಗ ನಾವು ಹಾಕುವುದು 23 ಅಥವಾ 25 ಗೇಜ್ ಸೂಜಿ. ರಕ್ತ ತೆಗೆಯುವ ಸೂಜಿಗಿಂತ ದಪ್ಪ ಇರುವುದಿಲ್ಲ. ಎಡಗೈಯ ಎರಡು ಬೆರಳಿಂದ ಗಂಟನ್ನು ಜಾರದ ಹಾಗೆ ಹಿಡಿಯಬೇಕು. ಸೂಜಿ ಒಳಗೆ ಹೋದ ಕೂಡಲೇ ಗಡ್ಡೆ ಎಂಥದ್ದು ಅಂತ ಕೈಗೆ ಒಂದಿಷ್ಟು ಗೊತ್ತಾಗುತ್ತದೆ. ಕೆಲವು ಗಡ್ಡೆ ಎಳೆ ಸೌತೆಕಾಯಿಗೆ ಚುಚ್ಚಿದ ಹಾಗೆ ಇರುತ್ತದೆ, ಕೆಲವು ಬೆಣ್ಣೆ, ಕೆಲವು ಬರೀ ನೀರು. ಒಳಗೇ ನಾಲ್ಕಾರು ಸಲ ಹಿಂದೆ ಮುಂದೆ ಆಡಿಸಿ, ಸಿರಿಂಜಿನ ಎಳೆತ ಬಿಟ್ಟು, ಆಮೇಲೆ ಸೂಜಿ ಹೊರಗೆ ತೆಗೆಯಬೇಕು. ಎಳೆತ ಬಿಡದೆ ತೆಗೆದರೆ ಸಿಕ್ಕಿದ್ದೆಲ್ಲ ಸಿರಿಂಜಿನೊಳಗೆ ಹಾರಿಹೋಗುತ್ತದೆ. ಸ್ಲೈಡ್ ಮೇಲೆ ಬೀಳುವುದು ಸಾಸಿವೆ ಕಾಳಿನಷ್ಟು ಹನಿ. ಇನ್ನೊಂದು ಸ್ಲೈಡನ್ನು ಅದರ ಮೇಲಿಟ್ಟು, ದೋಸೆ ಹಿಟ್ಟು ಹರಡಿದ ಹಾಗೆ ಹಗುರ ಕೈಯಲ್ಲಿ ಎಳೆಯಬೇಕು. ಒತ್ತಿ ಎಳೆದರೆ ಕೋಶಗಳು ಜಜ್ಜಿಹೋಗುತ್ತವೆ.

ಟೆಕ್ನೀಷಿಯನ್‌ಗಳು ಇಲ್ಲಿದ್ದೀರಿ ಅಂತ ಇದನ್ನು ಬಿಡಿಸಿ ಹೇಳುತ್ತೇನೆ. ಒಂದಿಷ್ಟು ಸ್ಲೈಡನ್ನು ಕೂಡಲೇ ಆಲ್ಕೋಹಾಲಿಗೆ ಹಾಕಬೇಕು, ಪ್ಯಾಪ್ ಅನ್ನುವ ಬಣ್ಣ ಹಾಕಿ ನೋಡುವುದಕ್ಕೆ. ಮಾತಾಡುತ್ತಾ ಅರ್ಧ ನಿಮಿಷ ಬಿಟ್ಟರೂ ಅದು ಒಣಗಿ ಹಾಳಾಗುತ್ತದೆ. ಇನ್ನೊಂದಿಷ್ಟನ್ನು ಗಾಳಿಗೆ ಚೆನ್ನಾಗಿ ಒಣಗಿಸಬೇಕು, ಜೀಮ್ಸಾ ಬಣ್ಣಕ್ಕೆ. ಜೊಲ್ಲು ಗ್ರಂಥಿಗೆ ಈ ಒಣ ಸ್ಲೈಡ್ ಇಲ್ಲದಿದ್ದರೆ ನಮಗೆ ಅರ್ಧ ಕಣ್ಣು ಹೋದ ಹಾಗೆ. ಯಾಕೆ ಅಂತ ಇನ್ನೊಂದು ಸ್ವಲ್ಪ ಹೊತ್ತಿಗೆ ಗೊತ್ತಾಗುತ್ತದೆ.

ಸರಿ, ಸ್ಲೈಡ್ ನೋಡಿದೆವು. ರಿಪೋರ್ಟಿನಲ್ಲಿ ಏನು ಬರೆಯುತ್ತಿದ್ದೆವು? ನಾನು ಈ ಕೆಲಸಕ್ಕೆ ಸೇರಿದ ಕಾಲದಲ್ಲಿ ಒಬ್ಬೊಬ್ಬರದು ಒಂದೊಂದು ಭಾಷೆ. ಅರ್ಧ ಪುಟ ವರ್ಣನೆ ಬರೆದು, ಕೊನೆಯಲ್ಲಿ "ರೋಗಿಯ ಲಕ್ಷಣಗಳ ಜೊತೆ ಹೋಲಿಸಿ ನೋಡಿ" ಅಂತ ಒಂದು ಸಾಲು ಹಾಕುತ್ತಿದ್ದೆವು. ಒಬ್ಬರ "ಅನುಮಾನ" ಇನ್ನೊಬ್ಬರ "ಸಾಧ್ಯತೆ ಇದೆ". ಓದಿದ ಸರ್ಜನ್‌ಗೆ ಆಪರೇಷನ್ ಮಾಡಬೇಕಾ, ಕಾಯಬೇಕಾ ಅಂತಲೇ ತಿಳಿಯುತ್ತಿರಲಿಲ್ಲ. ಗರ್ಭಕಂಠದ ಪ್ಯಾಪ್ ಪರೀಕ್ಷೆಗೂ ಥೈರಾಯಿಡ್‌ಗೂ ಬೆಥೆಸ್ಡಾ ಅನ್ನುವ ಒಂದೇ ಭಾಷೆ ಬಂದಾಗಿತ್ತು. ಜೊಲ್ಲು ಗ್ರಂಥಿಗೆ ಇರಲಿಲ್ಲ.

2015ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಯುರೋಪಿನ ಸೈಟಾಲಜಿ (ಕೋಶಗಳನ್ನು ನೋಡಿ ರೋಗ ಗುರುತಿಸುವ ಶಾಸ್ತ್ರ) ಸಮ್ಮೇಳನ ನಡೆಯಿತು. ಅಲ್ಲಿ ಸೇರಿದವರು ಇದಕ್ಕೂ ಒಂದು ಭಾಷೆ ಮಾಡೋಣ ಅಂತ ಹೊರಟರು. ವಿಲಿಯಂ ಫಾಕ್ವಿನ್ ಮತ್ತು ಎಸ್ತರ್ ರೋಸ್ಸಿ ಮುಂದೆ ನಿಂತರು. 2018ರಲ್ಲಿ ಮಿಲಾನ್ ಪದ್ಧತಿಯ ಪುಸ್ತಕ ಬಂತು, 2023ರಲ್ಲಿ ಎರಡನೇ ಆವೃತ್ತಿ. ಈಗ ನಮ್ಮ ರಿಪೋರ್ಟುಗಳಲ್ಲಿ "ಮಿಲಾನ್ 2", "ಮಿಲಾನ್ 4ಎ" ಅಂತ ಕಾಣುತ್ತೀರಲ್ಲ, ಅದು ಇದೇ. ಒಟ್ಟು ಆರು ವರ್ಗ. ನಾಲ್ಕನೆಯದರಲ್ಲಿ ಎ ಮತ್ತು ಬಿ ಅಂತ ಎರಡು. ಪ್ರತಿ ವರ್ಗದ ಜೊತೆಗೆ ಎರಡು ವಿಷಯ ಅಂಟಿಕೊಂಡಿವೆ. ಇದು ಕೊನೆಗೆ ಕ್ಯಾನ್ಸರ್ ಆಗಿರುವ ಸಾಧ್ಯತೆ ಎಷ್ಟು, ಮುಂದೆ ಏನು ಮಾಡಬೇಕು.

ಒಂದನೇ ವರ್ಗ ನನಗೆ ತುಂಬ ಮುಖ್ಯ ಅನ್ನಿಸುತ್ತದೆ, ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಇದರ ಅರ್ಥ "ಸಿಕ್ಕಿದ್ದು ಸಾಲದು, ಇದರಿಂದ ಏನೂ ಹೇಳಲು ಆಗದು". ಗಡ್ಡೆಯ ಕೋಶಗಳು ಕನಿಷ್ಠ 60 ಆದರೂ ಇರಲಿ ಅಂತ ಮಿಲಾನ್ ಸೂಚಿಸುತ್ತದೆ. ಬರೀ ರಕ್ತ ಬಂದರೆ ಈ ವರ್ಗ ಅನ್ನೋದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಇನ್ನೊಂದು ಸಂದರ್ಭ ಇದೆ. ಸ್ಲೈಡ್ ತುಂಬ ಕೋಶಗಳಿವೆ, ಚೆಂದದ ದ್ರಾಕ್ಷಿ ಗೊಂಚಲಿನ ಹಾಗೆ. ಎಲ್ಲ ಮಾಮೂಲಿ ಜೊಲ್ಲು ಗ್ರಂಥಿಯ ಕೋಶಗಳು. ಹೊಸಬರು ಖುಷಿಯಿಂದ "ನಾರ್ಮಲ್" ಅಂತ ಬರೆದುಬಿಡುತ್ತಾರೆ. ತಪ್ಪು. ಕೈಗೆ ಸಿಗುವ ಗಂಟು ಅಲ್ಲಿದೆ ಅಲ್ವಾ? ಗಂಟು ಇದ್ದೂ ಮಾಮೂಲಿ ಕೋಶ ಮಾತ್ರ ಬಂದರೆ ಸೂಜಿ ಗಂಟಿನ ಪಕ್ಕಕ್ಕೆ ಹೋಗಿದೆ ಅಂತ ಅರ್ಥ. ಅದು ಒಂದನೇ ವರ್ಗ. ಅಲ್ಟ್ರಾಸೌಂಡ್ ನೋಡಿಕೊಂಡು ಮತ್ತೆ ಸೂಜಿ ಹಾಕಬೇಕು.

ಈಗ ಅದೇ ಸ್ಲೈಡನ್ನು ಇನ್ನೊಬ್ಬರದು ಅಂದುಕೊಳ್ಳಿ. ಅವರಿಗೆ ಸಕ್ಕರೆ ಕಾಯಿಲೆ, ಅಥವಾ ಕುಡಿತ ಜಾಸ್ತಿ. ಎರಡೂ ಕೆನ್ನೆ ಸಮನಾಗಿ ಊದಿವೆ. ಬೇರೆಯಾಗಿ ಕೈಗೆ ಸಿಗುವ ಗಂಟು ಇಲ್ಲ. ಆಗ ಅದೇ ಕೋಶಗಳು ಬೇರೆ ಮಾತು ಹೇಳುತ್ತವೆ. ಇದು ಸಯಲಡೆನೋಸಿಸ್, ಗ್ರಂಥಿ ಸುಮ್ನೆ ದಪ್ಪ ಆಗಿದೆ. ಎರಡನೇ ವರ್ಗ. ಮತ್ತೆ ಸೂಜಿ ಬೇಡ.

ನೋಡಿ, ಸ್ಲೈಡ್ ಒಂದೇ ಥರ, ವರ್ಗ ಎರಡು. ವ್ಯತ್ಯಾಸ ಎಲ್ಲಿಂದ ಬಂತು? ನೀವು ಬರೆದು ಕಳಿಸುವ ಫಾರ್ಮಿನಿಂದ. ನಮಗೆ ಬರುವ ಎಷ್ಟೋ ಫಾರ್ಮುಗಳಲ್ಲಿ "ಕುತ್ತಿಗೆಯಲ್ಲಿ ಬಾವು" ಅಂತ ಇಷ್ಟೇ ಇರುತ್ತದೆ. ಯಾವ ಕಡೆ? ಎಷ್ಟು ದಿನದಿಂದ? ಗಟ್ಟಿಯಾ, ಮೆತ್ತಗಾ? ಊಟ ಮಾಡುವಾಗ ಊದಿ ಆಮೇಲೆ ಇಳಿಯುತ್ತದಾ? ಮುಖ ವಾಲಿದೆಯಾ? ನೋವಿದೆಯಾ? ಬಾಯಲ್ಲಿ ಹುಣ್ಣು ಇದೆಯಾ, ಗುಟ್ಕಾ ಹಾಕುತ್ತಾರಾ? ನಮ್ಮ ಕಡೆ ದವಡೆಯ ಕೆಳಗಿನ ಗಂಟು ಜೊಲ್ಲು ಗ್ರಂಥಿಯದ್ದೇ ಆಗಿರಬೇಕು ಅಂತಿಲ್ಲ, ಬಾಯಿ ಕ್ಯಾನ್ಸರ್ ಹರಡಿದ ಹಾಲ್ಗಡ್ಡೆಯೂ (ಲಿಂಫ್ ನೋಡ್) ಆಗಿರಬಹುದು. ಇದನ್ನೆಲ್ಲ ಬರೆಯಲು ಎರಡು ನಿಮಿಷ ಸಾಕು. ದಯವಿಟ್ಟು ಬರೆಯಿರಿ. ನಾನು ಬೇಡಿಕೊಳ್ಳುತ್ತಿದ್ದೇನೆ ಅಂತಲೇ ಅಂದುಕೊಳ್ಳಿ.

ಎರಡನೇ ವರ್ಗ ಅಂದರೆ ಗಡ್ಡೆಯೇ ಅಲ್ಲ, ಹೆಚ್ಚಾಗಿ ಉರಿಯೂತ ಅಥವಾ ಸೋಂಕು. ಕಲ್ಲು ಸಿಕ್ಕಿಕೊಂಡು ಬಾತ ಗ್ರಂಥಿ ಇಲ್ಲಿಗೆ ಬರುತ್ತದೆ. ಹತ್ತರಲ್ಲಿ ಎಂಟು ಕಲ್ಲು ದವಡೆಯ ಕೆಳಗಿನ ಗ್ರಂಥಿಯಲ್ಲೇ ಆಗುತ್ತವೆ. ನಮ್ಮ ದೇಶದಲ್ಲಿ ಮರೆಯಬಾರದ್ದು ಕ್ಷಯ. ಪರೋಟಿಡ್‌ನ ಒಳಗೇ ಸಣ್ಣ ಹಾಲ್ಗಡ್ಡೆಗಳಿರುತ್ತವೆ, ಬೇರೆ ಜೊಲ್ಲು ಗ್ರಂಥಿಗಳಲ್ಲಿ ಇಲ್ಲ. ಆದ್ದರಿಂದ ಕ್ಷಯ ಅಲ್ಲಿ ಗಡ್ಡೆಯ ವೇಷದಲ್ಲಿ ಬರಬಹುದು. ಸೂಜಿಯಲ್ಲಿ ಮೊಸರಿನಂಥದ್ದು ಬಂದರೆ ಎಲ್ಲವನ್ನೂ ಸ್ಲೈಡಿಗೆ ಬಳಿಯಬೇಡಿ. ಒಂದಿಷ್ಟು ಸಿಬಿನ್ಯಾಟ್‌ಗೆ, ಅಂದರೆ ಕ್ಷಯದ ರೋಗಾಣು ಹುಡುಕುವ ಪರೀಕ್ಷೆಗೆ, ಕಳಿಸಿ. ಆರು ತಿಂಗಳ ಮಾತ್ರೆಯಲ್ಲಿ ಹೋಗುವ ಕಾಯಿಲೆಗೆ ಆಪರೇಷನ್ ಆಗಬಾರದು.

ಮೂರನೇ ವರ್ಗದ ಬಗ್ಗೆ ಹೇಳುವ ಮುಂಚೆ ನನ್ನದೇ ಒಂದು ತಪ್ಪು ಹೇಳಬೇಕು. ಈ ಪದ್ಧತಿ ಬರುವುದಕ್ಕೆ ಬಹಳ ಮುಂಚಿನ ಮಾತು. ಒಬ್ಬ ಹುಡುಗ, ಪರೋಟಿಡ್‌ನಲ್ಲಿ ಮೆತ್ತಗಿನ ಗಂಟು. ಸೂಜಿ ಹಾಕಿದರೆ ಲೋಳೆಸರದ ಲೋಳೆಯಂಥ ನೀರು ಬಂತು, ಗಂಟು ಅರ್ಧ ಇಳಿಯಿತು. ಸ್ಲೈಡಿನಲ್ಲಿ ಲೋಳೆ, ಅಲ್ಲೊಂದು ಇಲ್ಲೊಂದು ಮ್ಯಾಕ್ರೋಫೇಜ್ (ಕಸ ನುಂಗುವ ರಕ್ಷಣಾ ಕೋಶ). ಅನುಮಾನ ಪಡುವಂಥ ಕೋಶ ಒಂದೂ ಇಲ್ಲ. "ನೀರುಗುಳ್ಳೆ, ಕ್ಯಾನ್ಸರ್ ಕೋಶಗಳಿಲ್ಲ" ಅಂತ ಬರೆದೆ. ಅವನು ನೆಮ್ಮದಿಯಿಂದ ಹೋದ. ಒಂದೂವರೆ ವರ್ಷದ ಮೇಲೆ ಗಂಟು ದೊಡ್ಡದಾಗಿ ವಾಪಸ್ ಬಂದ. ಆಪರೇಷನ್ ಆಯಿತು. ಅದು ಮ್ಯೂಕೋಎಪಿಡರ್ಮಾಯ್ಡ್ ಕ್ಯಾನ್ಸರ್, ನಿಧಾನವಾಗಿ ಬೆಳೆಯುವ ಜಾತಿಯದು. ಪೂರ್ತಿ ತೆಗೆದರು, ಹುಡುಗ ಚೆನ್ನಾಗಿದ್ದಾನೆ. ಆದರೆ ಆ ಒಂದೂವರೆ ವರ್ಷ ನನ್ನ ಆ ಒಂದು ಸಾಲಿನಿಂದ ಹೋಯಿತು.

ಈಗಿನ ಪದ್ಧತಿಯಲ್ಲಿ ಬರೀ ಲೋಳೆ ಬಂದರೆ ಅದನ್ನು ಎರಡನೇ ವರ್ಗಕ್ಕೆ ಹಾಕುವ ಹಾಗಿಲ್ಲ. ಅದು ಮೂರು. "ಕೋಶಗಳು ಪೂರ್ತಿ ಮಾಮೂಲಿ ಅನ್ನಲಾಗದು, ಗಡ್ಡೆ ಇಲ್ಲ ಅಂತ ಹೇಳುವ ಧೈರ್ಯ ಇಲ್ಲ" ಅನ್ನುವ ವರ್ಗ. ಇದು ನುಣುಚಿಕೊಳ್ಳುವ ದಾರಿ ಆಗಬಾರದು ಅಂತ ಮಿಲಾನ್ ಕಡಿವಾಣವನ್ನೂ ಹಾಕಿದೆ. ಒಂದು ಲ್ಯಾಬಿನ ಒಟ್ಟು ರಿಪೋರ್ಟುಗಳಲ್ಲಿ ಇದು ಶೇ. 10 ದಾಟಬಾರದು. ಇನ್ನೊಂದು ಪಾಠವನ್ನು ಆ ಹುಡುಗನೇ ಕಲಿಸಿದ. ನೀರು ತೆಗೆದ ಮೇಲೂ ಗಂಟು ಉಳಿದಿದ್ದರೆ ಆ ಉಳಿದ ಗಟ್ಟಿ ಭಾಗಕ್ಕೆ ಮತ್ತೆ ಸೂಜಿ ಹಾಕಲೇಬೇಕು.

ಈಗ 4ಎ. ಕ್ಯಾನ್ಸರ್ ಅಲ್ಲದ ಗಡ್ಡೆ. ಇಲ್ಲಿ ನಮಗೆ ಗಟ್ಟಿಯಾಗಿ ಮಾತಾಡಲು ಆಗುತ್ತದೆ. ಪರೋಟಿಡ್‌ನಲ್ಲಿ ಬಹಳ ಜನಕ್ಕೆ ಬರುವ ಪ್ಲಿಯೋಮಾರ್ಫಿಕ್ ಅಡೆನೋಮಾ ಈ ವರ್ಗದ ಯಜಮಾನ. ಒಣ ಸ್ಲೈಡನ್ನು ಜೀಮ್ಸಾ ಬಣ್ಣ ಹಾಕಿ ಮಸೂರದ ಕೆಳಗಿಟ್ಟರೆ ಮೊದಲು ಕಣ್ಣಿಗೆ ಹೊಡೆಯುವುದು ಒಂದು ಗಾಢ ಬಣ್ಣ, ನೇರಳೆ ಹಣ್ಣು ತಿಂದ ನಾಲಿಗೆಯ ಹಾಗೆ. ಅದು ಕೋಶ ಅಲ್ಲ, ಗಡ್ಡೆಯ ಕೋಶಗಳು ತಾವೇ ಹೊರಗೆ ಸುರಿದುಕೊಂಡ ಮ್ಯಾಟ್ರಿಕ್ಸ್. ಅದರ ಅಂಚು ನೋಡಿ. ಗೆರೆ ಕೊರೆದ ಹಾಗೆ ಇರುವುದಿಲ್ಲ. ಹಿಂಜಿದ ಹತ್ತಿಯ ಹಾಗೆ ಎಳೆ ಎಳೆ. ಆ ಎಳೆಗಳ ಒಳಗೇ ಕೋಶಗಳು ಸಿಕ್ಕಿಕೊಂಡಿರುತ್ತವೆ. ಎಲ್ಲಿ ಹತ್ತಿ ಮುಗಿಯಿತು, ಎಲ್ಲಿ ಕೋಶ ಶುರುವಾಯಿತು ಅಂತ ಹೇಳಲು ಆಗುವುದಿಲ್ಲ. ಪ್ಯಾಪ್ ಬಣ್ಣದಲ್ಲಿ ಇದೇ ಮ್ಯಾಟ್ರಿಕ್ಸ್ ಪೇಲವವಾಗಿ, ಕಂಡೂ ಕಾಣದ ಹಾಗೆ ಇರುತ್ತದೆ. ಒಣ ಸ್ಲೈಡ್ ಬೇಕೇ ಬೇಕು ಅಂದಿದ್ದು ಇದಕ್ಕೆ.

ನಾನು ಮೊದಲು ಹೇಳಿದ ಅಮ್ಮನ ಸ್ಲೈಡಿನಲ್ಲಿ ಇದೇ ಇತ್ತು. ಹಾಗಂತ ಮನೆಗೆ ಕಳಿಸಿ ಸುಮ್ಮನಾಗಲಿಲ್ಲ. ಈ ಗಡ್ಡೆಯನ್ನು ವರ್ಷಗಟ್ಟಲೆ ಬಿಟ್ಟರೆ ಕೆಲವರಲ್ಲಿ ಅದೇ ಕ್ಯಾನ್ಸರ್ ಆಗಿ ತಿರುಗುತ್ತದೆ. ಮೊದಲ ಐದು ವರ್ಷದಲ್ಲಿ ಆ ಸಾಧ್ಯತೆ ಸುಮಾರು ಶೇ. 1.5, ಹದಿನೈದು ವರ್ಷ ದಾಟಿದರೆ ಶೇ. 9ರ ಮೇಲೆ ಅಂತ ಲೆಕ್ಕ ಹೇಳುತ್ತಾರೆ. ಅಮ್ಮನಿಗೆ ಆಪರೇಷನ್ ಆಯಿತು. ಕ್ಯಾನ್ಸರ್ ಅಲ್ಲ ಅಂತ ಮೊದಲೇ ಗೊತ್ತಿದ್ದರಿಂದ ಸರ್ಜನ್ ಅವಸರ ಇಲ್ಲದೆ ದಿನ ಗೊತ್ತು ಮಾಡಿ, ನರದ ಕವಲುಗಳನ್ನು ಒಂದೊಂದಾಗಿ ಬಿಡಿಸಿ, ಗಡ್ಡೆಯನ್ನು ಒಡೆಯದೆ ತೆಗೆದರು.

4ಎ ವರ್ಗದ ಇನ್ನೊಬ್ಬ ಪರಿಚಿತ ವಾರ್ತಿನ್ ಗಡ್ಡೆ. ಬೀಡಿ ಸಿಗರೇಟು ಸೇದುವ ವಯಸ್ಸಾದ ಗಂಡಸರಲ್ಲಿ ಜಾಸ್ತಿ, ಕೆಲವೊಮ್ಮೆ ಎರಡೂ ಕಡೆ. ಸೂಜಿಯಲ್ಲಿ ಹಳೇ ಎಂಜಿನ್ ಆಯಿಲ್‌ನಂಥ ಕಂದು ನೀರು ಬರುತ್ತದೆ.

ಈಗ ಕಷ್ಟದ ಜಾಗ. ಅಡೆನಾಯ್ಡ್ ಸಿಸ್ಟಿಕ್ ಅಂತ ಒಂದು ಕ್ಯಾನ್ಸರ್ ಇದೆ. ನಿಧಾನ, ಆದರೆ ಹಟಮಾರಿ. ನರದ ಗುಂಟ ತೆವಳುತ್ತದೆ, ಅದಕ್ಕೇ ಎಷ್ಟೋ ಸಲ ನೋವಿರುತ್ತದೆ. ಹತ್ತು ಹದಿನೈದು ವರ್ಷ ಆದಮೇಲೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು. ಇದರ ಸ್ಲೈಡಿನಲ್ಲೂ ಅದೇ ನೇರಳೆ ಬಣ್ಣ. ಆದರೆ ಇಲ್ಲಿ ಅದು ಸಬ್ಬಕ್ಕಿ ಕಾಳಿನ ಹಾಗೆ ದುಂಡಗೆ, ಅಂಚು ಕತ್ತರಿಸಿಟ್ಟ ಹಾಗೆ. ಕಾಳಿನ ಒಳಗೆ ಕೋಶ ಇಲ್ಲ. ಕೋಶಗಳೆಲ್ಲ ಹೊರಗೆ, ಅದರ ಸುತ್ತ ಮುತ್ತಿಕೊಂಡು ನಿಂತಿರುತ್ತವೆ. ಹಿಂಜಿದ ಹತ್ತಿಯಾ, ಸಬ್ಬಕ್ಕಿಯಾ? ಒಂದು ಕಡೆ ಸಾದಾ ಗಡ್ಡೆ, ಇನ್ನೊಂದು ಕಡೆ ಕ್ಯಾನ್ಸರ್. ಸಂಕಟ ಏನೆಂದರೆ, ಕೆಲವು ಸಾದಾ ಗಡ್ಡೆಗಳಲ್ಲೂ ಅಲ್ಲಲ್ಲಿ ಸಬ್ಬಕ್ಕಿ ಕಾಣುತ್ತದೆ.

ಇಂಥ ಕಡೆಗೇ 4ಬಿ ಇರುವುದು. ಗಡ್ಡೆ ಹೌದು, ಆದರೆ ಅದು ಕ್ಯಾನ್ಸರ್ರಾ ಅಲ್ವಾ ಅಂತ ಸೂಜಿಯಿಂದ ಹೇಳಲು ಆಗದು. ಇದು ನೋಡುವವರಿಗೆ ಗೊತ್ತಿಲ್ಲದ್ದಕ್ಕೆ ಬರೆಯುವುದಲ್ಲ. ಜೊಲ್ಲು ಗ್ರಂಥಿಯ ಕೆಲವು ಗಡ್ಡೆಗಳಲ್ಲಿ ಸಾದಾ ಮತ್ತು ಕ್ಯಾನ್ಸರ್ ಎರಡರ ಕೋಶಗಳೂ ಒಂದೇ ಥರ ಇರುತ್ತವೆ. ಬೇಸಲ್ ಸೆಲ್ ಅಡೆನೋಮಾ ಮತ್ತು ಅದರ ಕ್ಯಾನ್ಸರ್ ರೂಪ ಹಾಗೆ. ಗಡ್ಡೆ ತನ್ನ ಬೇಲಿ ದಾಟಿ ಪಕ್ಕಕ್ಕೆ ನುಗ್ಗಿದೆಯಾ ಅನ್ನೋದೊಂದೇ ವ್ಯತ್ಯಾಸ. ಸೂಜಿ ಕೋಶ ತರುತ್ತದೆ, ಬೇಲಿಯನ್ನು ತರುವುದಿಲ್ಲ. ಹಸುವಿನ ಒಂದು ಕೂದಲು ನೋಡಿ ಅದು ಪಕ್ಕದ ಹೊಲಕ್ಕೆ ನುಗ್ಗಿತ್ತಾ ಅಂತ ಹೇಳಲು ಆಗುತ್ತದಾ? 4ಬಿ ಬಂದರೆ ಗಡ್ಡೆಯನ್ನು ಪೂರ್ತಿ ತೆಗೆಯಬೇಕು. ಬೇಕಾದರೆ ಆಪರೇಷನ್ ನಡೆಯುವಾಗಲೇ ಫ್ರೋಜನ್ ಮಾಡಿ, ಅಂದರೆ ಒಂದು ಚೂರನ್ನು ಹೆಪ್ಪುಗಟ್ಟಿಸಿ ಕತ್ತರಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಬಹುದು. ಸೆಲ್ ಬ್ಲಾಕ್ (ಸಿಕ್ಕ ಕೋಶಗಳನ್ನು ಒಟ್ಟುಗೂಡಿಸಿ ಮೇಣದ ಗಟ್ಟಿಯಲ್ಲಿ ಕೂರಿಸುವುದು) ಮಾಡುವಷ್ಟು ಸಿಕ್ಕಿದ್ದರೆ ವಿಶೇಷ ಬಣ್ಣಗಳೂ ನೆರವಿಗೆ ಬರುತ್ತವೆ. ಅದರಲ್ಲಿ ಪಿಎಲ್‌ಎಜಿ1 ಪ್ಲಿಯೋಮಾರ್ಫಿಕ್ ಅಡೆನೋಮಾದ ಕಡೆ, ಎಂವೈಬಿ ಅಡೆನಾಯ್ಡ್ ಸಿಸ್ಟಿಕ್ ಕಡೆ ಬೆರಳು ತೋರಿಸುತ್ತವೆ.

ಐದು ಅಂದರೆ ಬಲವಾದ ಅನುಮಾನ, ಆರು ಅಂದರೆ ಕ್ಯಾನ್ಸರ್. ಆರು ಬರೆದು ನಿಲ್ಲಿಸಬಾರದು. ನಿಧಾನದ ಜಾತಿಯಾ, ಜೋರಿನದಾ ಅಂತ ಆದಷ್ಟೂ ಹೇಳಬೇಕು. ಕುತ್ತಿಗೆಯ ಹಾಲ್ಗಡ್ಡೆಗಳನ್ನೂ ತೆಗೆಯಬೇಕಾ ಅನ್ನುವ ತೀರ್ಮಾನ ಅದರ ಮೇಲೆ ನಿಂತಿರುತ್ತದೆ. ಆದರೆ ಬರೀ ಸೂಜಿಯ ರಿಪೋರ್ಟ್ ಹಿಡಿದು ಕೆಲಸ ಮಾಡುತ್ತಿರುವ ಮುಖದ ನರವನ್ನು ಕತ್ತರಿಸಬಾರದು.

ಸಾಧ್ಯತೆಯ ಅಂಕಿಗಳನ್ನು ಕೇಳುತ್ತೀರಿ ಅಂತ ಗೊತ್ತು. ಎರಡನೇ ಆವೃತ್ತಿಯ ಪ್ರಕಾರ ಒಂದನೇ ವರ್ಗದಲ್ಲಿ ಶೇ. 15, ಎರಡರಲ್ಲಿ 11, ಮೂರರಲ್ಲಿ 30, 4ಎಯಲ್ಲಿ 3ಕ್ಕಿಂತ ಕಡಿಮೆ, 4ಬಿಯಲ್ಲಿ 35, ಐದರಲ್ಲಿ 83, ಆರರಲ್ಲಿ 98ಕ್ಕಿಂತ ಜಾಸ್ತಿ. ಎರಡನೇ ವರ್ಗದ 11 ನೋಡಿ ಗಾಬರಿ ಬೇಡ. ಈ ಲೆಕ್ಕ ಬಹುಪಾಲು ಆಪರೇಷನ್ ಆದವರದು. ಉರಿಯೂತ ಅಂತ ಬಂದು ಮಾತ್ರೆಯಲ್ಲೇ ವಾಸಿಯಾದವರು ಇದರಲ್ಲಿ ಸೇರಿರುವುದಿಲ್ಲ. ಅನುಮಾನ ಉಳಿದವರಿಗೆ ಮಾತ್ರ ಆಪರೇಷನ್ ಆಗಿರುತ್ತದೆ, ಅದಕ್ಕೇ ಅಂಕಿ ದೊಡ್ಡದಾಗಿ ಕಾಣುತ್ತದೆ. ಆದರೂ ಎರಡು ಅಂತ ಬಂದವರ ಗಂಟು ಇಳಿಯದಿದ್ದರೆ ಬಿಡಬೇಡಿ, ಮತ್ತೆ ಕರೆಸಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಬರೆಯುತ್ತೇನೆ.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು, "ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅಂತಾರಲ್ಲ ಮೇಡಂ, ಹೌದಾ?" ಅಂದರು. ಈ ಭಯದಿಂದಲೇ ತಿಂಗಳುಗಟ್ಟಲೆ ತಡ ಮಾಡಿದವರನ್ನು ನೋಡಿದ್ದೇನೆ. ಇಷ್ಟು ಸಣ್ಣ ಸೂಜಿಯಲ್ಲಿ ಹಾಗಾಗುವುದು ತೀರಾ ಅಪರೂಪ. ಗಡ್ಡೆಯನ್ನು ಅರ್ಧ ಕೊಯ್ದು ಬಿಡುವುದರಿಂದ ಆಗುವ ಅಪಾಯದ ಮುಂದೆ ಇದು ಲೆಕ್ಕಕ್ಕೇ ಬರುವುದಿಲ್ಲ. ಚುಚ್ಚಿದ ಜಾಗ ಒಂದೆರಡು ದಿನ ನೋಯಬಹುದು, ನೀಲಿಗಟ್ಟಬಹುದು, ಅಷ್ಟೇ.

ಇನ್ನೊಂದನ್ನು ಕೇಳಿದವರು ಒಬ್ಬ ನರ್ಸಕ್ಕ. "ಒಂದನೇ ವರ್ಗ ಅಂತ ಬಂದರೆ ಮತ್ತೆ ಬನ್ನಿ ಅಂತೀವಿ. ಅವರು ಬರೋದೇ ಇಲ್ಲ. ಚುಚ್ಚಿಸಿಕೊಂಡಿದ್ದು ದಂಡ ಆಯ್ತು ಅಂತ ಬೈಕೊಂಡು ಹೋಗ್ತಾರೆ. ಏನು ಮಾಡೋದು ಮೇಡಂ?" ಅವರು ಹೇಳುವುದು ನಿಜ. ಬಸ್ಸು ಹಿಡಿದು ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಸಿಟ್ಟು ಬರುವುದು ಸಹಜ. ನಾವು ಈಗ ಎರಡು ಕೆಲಸ ಮಾಡುತ್ತಿದ್ದೇವೆ. ಮೊದಲ ಸ್ಲೈಡನ್ನು ಅಲ್ಲೇ ಬೇಗ ಬಣ್ಣ ಹಾಕಿ, ಸಾಲದಿದ್ದರೆ ಅವರು ಎದ್ದು ಹೋಗುವ ಮುಂಚೆಯೇ ಇನ್ನೊಮ್ಮೆ ಸೂಜಿ ಹಾಕುತ್ತೇವೆ. ಇನ್ನೊಂದು, ಸೂಜಿ ಹಾಕುವ ಮುಂಚೆಯೇ ಪಕ್ಕದಲ್ಲಿ ಕೂತು ಹೇಳುತ್ತೇವೆ: "ಅಕ್ಕ, ಇದು ಸಣ್ಣ ಸೂಜಿ. ಕೆಲವು ಸಲ ಗಂಟಿನ ಒಳಗಿಂದ ಸಾಕಷ್ಟು ಬರಲ್ಲ. ಹಾಗಾದರೆ ಇನ್ನೊಂದು ಸಲ ಮಾಡಬೇಕಾಗುತ್ತೆ." ಮುಂಚೆ ಹೇಳಿದ್ದರೆ ಬರುತ್ತಾರೆ. ರಿಪೋರ್ಟ್ ಕೈಗೆ ಕೊಟ್ಟ ಮೇಲೆ ಹೇಳಿದರೆ ಬರುವುದಿಲ್ಲ.